ಅಮ್ಮನನ್ನು ರೈಲಿನಲ್ಲಿ ದೆಹಲಿಗೆ ಕರೆದುಕೊಂಡು ಹೋಗುವುದು ಹೇಗೆ

ನಮ್ಮೂರು ಗೌರಿಬಿದನೂರು. ಪೇಟೆಯಲ್ಲಿ ಸಣ್ಣದೊಂದು ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ತಮ್ಮ ಇರುವುದು ದೆಹಲಿಯ ದ್ವಾರಕಾದಲ್ಲಿ. ಅಮ್ಮನಿಗೆ ಈಗ 76 ವರ್ಷ. ಒಂದೇ ಒಂದು ಸಲ ವಿಮಾನ ಹತ್ತಿದ್ದಳು. ಇಳಿಯುವಾಗ ಕಿವಿ ನೋವು ತಡೆಯಲಾಗದೆ ಅತ್ತುಬಿಟ್ಟಳು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಿಲ್ಲ. ಹಾಗಾಗಿ ನಾನೂ ಅಮ್ಮನೂ ರೈಲಿನಲ್ಲೇ ಹೋಗುತ್ತೇವೆ. 2014ರಲ್ಲಿ ಶುರುವಾಗಿದ್ದು. ಕೊರೊನಾ ಸಮಯ ಬಿಟ್ಟರೆ ಒಂದು ವರ್ಷವೂ ತಪ್ಪಿಸಿಲ್ಲ.

"ವಯಸ್ಸಾದವರನ್ನ ಎರಡು ರಾತ್ರಿ ರೈಲಲ್ಲಿ ಹೆಂಗಕ್ಕಾ ಕರ್ಕೊಂಡು ಹೋಗ್ತೀಯ?" ಎಂದು ಅಂಗಡಿಗೆ ಬಂದವರು ಕೇಳುತ್ತಾರೆ. ಅಳತೆ ತೆಗೆಯುತ್ತಾ ಅರ್ಧಂಬರ್ಧ ಹೇಳಿ ಕಳಿಸುತ್ತಿದ್ದೆ. ಈಗ ಕೂತು ಪೂರ್ತಿ ಬರೆಯುತ್ತಿದ್ದೇನೆ. ತಂದೆ ತಾಯಿಯನ್ನು ಕರೆದುಕೊಂಡು ಹೋಗಬೇಕು ಅಂತ ಆಸೆ ಇದ್ದೂ ಭಯಪಟ್ಟು ಸುಮ್ನೆ ಕೂತವರಿಗೆ ಇದು ಬೇಕಾಗುತ್ತದೆ.

ನಾವು ಹೋಗುವುದು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ. ನಂಬರು 12627. ಹಳಬರು ಇನ್ನೂ ಕೆ.ಕೆ. ಎಕ್ಸ್‌ಪ್ರೆಸ್ ಅಂತಲೇ ಕರೆಯುತ್ತಾರೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,400 ಕಿಲೋಮೀಟರ್. ಸಂಜೆ ಏಳು ದಾಟಿದ ಮೇಲೆ ಹೊರಟರೆ ಮಧ್ಯೆ ಎರಡು ರಾತ್ರಿ, ಒಂದು ಹಗಲು. ಮೂರನೇ ದಿನ ಬೆಳಿಗ್ಗೆ ನವದೆಹಲಿ. ರಾಜಧಾನಿ ಇನ್ನೂ ಬೇಗ ಹೋಗುತ್ತದೆ, ಅದರಲ್ಲಿ ಟಿಕೆಟ್ ಜೊತೆಗೇ ಊಟವನ್ನೂ ತೆಗೆದುಕೊಳ್ಳಬಹುದು. ಆದರೆ ಅದು ಸಿಕಂದರಾಬಾದ್, ನಾಗಪುರದ ಕಡೆಯಿಂದ ಹೋಗಿ ಬೆಳಗಿನ ಜಾವವೇ ದೆಹಲಿಯ ನಿಜಾಮುದ್ದೀನ್ ಸ್ಟೇಷನ್ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಅಮ್ಮನನ್ನು ಇಳಿಸಿಕೊಳ್ಳುವುದು ನನಗೆ ಕಷ್ಟ. ಕೆ.ಕೆ.ಯಲ್ಲೇ ಹೋಗಲು ಇನ್ನೊಂದು ಕಾರಣವೂ ಇದೆ. ಅದು ಅಮ್ಮನ ನದಿಗಳ ಲೆಕ್ಕ. ದಾರಿ ಬಂದಾಗ ಹೇಳುತ್ತೇನೆ.

ಟಿಕೆಟ್

ಬುಕಿಂಗ್ ತೆರೆಯುವುದು 60 ದಿನ ಮೊದಲು. ಹಿಂದೆ 120 ದಿನ ಇತ್ತು, 2024ರ ನವೆಂಬರ್‌ನಿಂದ ಕಡಿಮೆ ಮಾಡಿದರು. ಬೆಳಿಗ್ಗೆ 8 ಗಂಟೆಗೆ ಶುರುವಾಗುತ್ತದೆ. ದಸರಾ, ದೀಪಾವಳಿ, ಬೇಸಿಗೆ ರಜೆಯ ದಿನಗಳಿಗಾದರೆ 8 ಗಂಟೆಗೆ ಮೊದಲೇ ಫೋನ್ ಹಿಡಿದು ಕೂತಿರಬೇಕು. ರೈಲ್ವೆ ಟಿಕೆಟ್ ವೆಬ್‌ಸೈಟ್ ಐಆರ್‌ಸಿಟಿಸಿಯ ನಿಮ್ಮ ಖಾತೆಗೆ ಆಧಾರ್ ಜೋಡಿಸುವ ಕೆಲಸವನ್ನು ವಾರ ಮೊದಲೇ ಮುಗಿಸಿಕೊಳ್ಳಿ. ಈಗ ಬುಕಿಂಗ್ ತೆರೆದ ಹೊತ್ತಿನಲ್ಲಿ ಮತ್ತು ಕೊನೆ ಗಳಿಗೆಯ ಬುಕಿಂಗ್ ಆದ ತತ್ಕಾಲ್‌ನಲ್ಲಿ, ಆಧಾರ್ ಜೋಡಿಸದ ಖಾತೆಯಿಂದ ಆನ್‌ಲೈನ್ ಟಿಕೆಟ್ ಸಿಗುವುದಿಲ್ಲ.

ವಯಸ್ಸಾದವರ ಜೊತೆ ಹೋಗುವವರು ಒಂದು ಮಾತು ಮರೆಯಬಾರದು. ಬುಕ್ ಮಾಡುವಾಗ ಕೋಟಾ ಅಂತ ಒಂದು ಜಾಗ ಇರುತ್ತದೆ. ಅಲ್ಲಿ "ಲೋವರ್ ಬರ್ತ್, ಸೀನಿಯರ್ ಸಿಟಿಜನ್" ಅಂತ ಆರಿಸಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ಗಳನ್ನು ಇದರಲ್ಲಿ ಬೇರೆ ಇಟ್ಟಿರುತ್ತಾರೆ. ಒಬ್ಬರೇ ಅಥವಾ ಇಬ್ಬರು ಹೋಗುವಾಗ ಮಾತ್ರ ಇದು ಸಿಗುತ್ತದೆ. ಇಬ್ಬರಾದರೆ ಇಬ್ಬರಿಗೂ ಆ ವಯಸ್ಸಾಗಿರಬೇಕು. ಅಮ್ಮನ ಜೊತೆ ಮೂವತ್ತು ವರ್ಷದ ಮಗನ ಹೆಸರನ್ನೂ ಸೇರಿಸಿದರೆ ಈ ಕೋಟಾ ನಡೆಯುವುದಿಲ್ಲ. ನನಗೆ 45 ದಾಟಿದ ಮೇಲೆ ನಮಗಿಬ್ಬರಿಗೂ ಎದುರುಬದುರು ಕೆಳಗಿನ ಬರ್ತ್ ಸಿಗಲು ಶುರುವಾಯಿತು. ಅದರಿಂದ ನಮ್ಮ ಪ್ರಯಾಣವೇ ಬದಲಾಯಿತು. ಹಿರಿಯರಿಗೆ ಇದ್ದ ದರದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಕೋಟಾ ಮಾತ್ರ ಈಗಲೂ ಇದೆ. ಎಷ್ಟೋ ಜನ ಎರಡೂ ಹೋಯಿತು ಅಂದುಕೊಂಡು ಕೇಳುವುದನ್ನೇ ಬಿಟ್ಟಿದ್ದಾರೆ.

ಕೋಟಾ ಸಿಗದಿದ್ದರೆ, "ಒಂದಾದರೂ ಲೋವರ್ ಬರ್ತ್ ಇದ್ದರೆ ಮಾತ್ರ ಬುಕ್ ಮಾಡು" ಅನ್ನುವ ಆಯ್ಕೆ ಇರುತ್ತದೆ. ಅದಕ್ಕೆ ಟಿಕ್ ಹಾಕಿ.

ಬಂದ ನಂಬರು ಯಾವ ಬರ್ತ್ ಅಂತ ತಿಳಿಯಲು ಒಂದು ಲೆಕ್ಕ ಇದೆ. ಸ್ಲೀಪರ್ ಇರಲಿ, ತ್ರೀ ಟೈರ್ ಎಸಿ ಇರಲಿ, ನಂಬರನ್ನು 8ರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಕೆಳಗಿನದು. 2 ಮತ್ತು 5 ಮಧ್ಯದ್ದು. 3 ಮತ್ತು 6 ಮೇಲಿನದು. 7 ಬಂದರೆ ಸೈಡ್ ಲೋವರ್. ಶೇಷ ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. ಉದಾಹರಣೆಗೆ 36 ಬಂತು ಅಂದುಕೊಳ್ಳಿ. ಎಂಟು ನಾಲ್ಕಲೆ ಮೂವತ್ತೆರಡು, ಉಳಿದಿದ್ದು 4. ಕೆಳಗಿನ ಬರ್ತ್. ಅಮ್ಮ ಈ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತಾಳೆ.

ಸ್ಲೀಪರ್‌ಗೆ ಸಾವಿರ ರೂಪಾಯಿ ಆಸುಪಾಸು, ತ್ರೀ ಟೈರ್ ಎಸಿಗೆ ಎರಡೂವರೆ ಸಾವಿರದ ಆಸುಪಾಸು ಆಗುತ್ತದೆ. ಮೊದಲ ಸಲ ನಾವು ಮೇ ತಿಂಗಳಲ್ಲಿ ಸ್ಲೀಪರ್‌ನಲ್ಲಿ ಹೋದೆವು. ಮಧ್ಯಾಹ್ನ ಮಹಾರಾಷ್ಟ್ರದ ಬಯಲಿನಲ್ಲಿ ಕಿಟಕಿಯಿಂದ ಬರುತ್ತಿದ್ದುದು ಗಾಳಿಯಲ್ಲ, ಒಲೆಯ ಉರಿ. ವಯಸ್ಸಾದವರ ಜೊತೆ ಮಾರ್ಚ್‌ನಿಂದ ಜೂನ್‌ವರೆಗೆ ಹೋಗಲೇಬೇಕಾದರೆ ಎಸಿಗೆ ದುಡ್ಡು ಕೂಡಿಸಿಕೊಳ್ಳಿ. ಅಕ್ಟೋಬರ್ ಕೊನೆ, ನವೆಂಬರ್, ಇಲ್ಲವೇ ಫೆಬ್ರವರಿ ಕೊನೆಯ ವಾರಗಳಲ್ಲಾದರೆ ಸ್ಲೀಪರ್ ಕೂಡ ಹಿತವಾಗಿರುತ್ತದೆ. ಒಂದು ದಪ್ಪ ಹೊದಿಕೆ ಬೇಕು, ಅಷ್ಟೇ. ಡಿಸೆಂಬರ್, ಜನವರಿಯಲ್ಲಿ ಉತ್ತರದ ಕಡೆ ಮಂಜು. ಗಂಟೆಗಟ್ಟಲೆ ತಡವಾಗುತ್ತದೆ.

ವೇಟಿಂಗ್ ಲಿಸ್ಟ್ ನಂಬಿಕೊಂಡು ಹಿರಿಯರನ್ನು ಹೊರಡಿಸಬೇಡಿ. ಆನ್‌ಲೈನಿನ ವೇಟಿಂಗ್ ಟಿಕೆಟ್ ಚಾರ್ಟ್ (ಸೀಟುಗಳ ಕೊನೆಯ ಪಟ್ಟಿ) ಆದ ಮೇಲೂ ಹಾಗೇ ಉಳಿದರೆ ತಾನಾಗೇ ರದ್ದಾಗುತ್ತದೆ. ಆರ್‌ಎಸಿ ಅಂದರೆ ಒಂದು ಸೈಡ್ ಲೋವರ್‌ನಲ್ಲಿ ಇಬ್ಬರು. ಇಬ್ಬರೂ ಒಂದೇ ಮನೆಯವರಾದರೆ ಹೇಗೋ ಸರಿದೂಗಿಸಬಹುದು. ಗುರುತಿಲ್ಲದವರ ಜೊತೆ ಎರಡು ರಾತ್ರಿ ಕಾಲು ಮಡಚಿ ಕೂರುವುದು 76ರ ಮೊಣಕಾಲಿಗೆ ಆಗದ ಮಾತು. ತತ್ಕಾಲ್ ಹಿಂದಿನ ದಿನ ತೆರೆಯುತ್ತದೆ, ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11ಕ್ಕೆ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ.

ಹತ್ತುವ ಜಾಗ

2014ರಲ್ಲಿ ನಾವು ಹಿಂದೂಪುರದಲ್ಲಿ ಹತ್ತಿದೆವು. ನಮ್ಮೂರಿಗೆ ಪಕ್ಕದಲ್ಲೇ ಇದೆ, ಬೆಂಗಳೂರಿಗೆ ಯಾಕೆ ಹೋಗಬೇಕು ಅನ್ನಿಸಿತ್ತು. ಅಂಥ ಸ್ಟೇಷನ್ನುಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ. ಕತ್ತಲೆ ಬೇರೆ. ನಮ್ಮ ಕೋಚ್ ಎಲ್ಲಿ ನಿಲ್ಲುತ್ತದೆ ಅಂತ ನಾನು ಮೊದಲೇ ನೋಡಿಕೊಂಡಿರಲಿಲ್ಲ. ಎದುರಿಗೆ ಬಂದ ಬಾಗಿಲಿಗೆ ಅಮ್ಮನನ್ನು ಹತ್ತಿಸಿ, ಚೀಲ ಎಸೆದು, ನಾನೂ ಹತ್ತಿದೆ. ಆಮೇಲೆ ಐದು ಕೋಚ್ ದಾಟಿ ನಡೆಯಬೇಕಾಯಿತು. ಓಡುವ ರೈಲಿನಲ್ಲಿ, ಮಲಗಿದವರ ಕಾಲು ತಪ್ಪಿಸುತ್ತಾ, ಎರಡು ಕೋಚಿನ ನಡುವೆ ಅಲುಗಾಡುವ ತಗಡಿನ ಮೇಲೆ ಕಾಲಿಡುತ್ತಾ. ಅಮ್ಮನ ಕೈ ತಣ್ಣಗಾಗಿತ್ತು. ತಪ್ಪು ನನ್ನದೇ.

ಆಮೇಲಿಂದ ರೈಲು ಹೊರಡುವ ಜಾಗದಲ್ಲೇ ಹತ್ತುತ್ತೇವೆ. ಮಧ್ಯಾಹ್ನ ಊಟ ಮುಗಿಸಿ ಬೆಂಗಳೂರಿಗೆ ಬಸ್ಸು. ಐದು ಗಂಟೆಯೊಳಗೆ ಮೆಜೆಸ್ಟಿಕ್. ಸಂಗೊಳ್ಳಿ ರಾಯಣ್ಣ ಸ್ಟೇಷನ್ನಿನಲ್ಲಿ ಲಿಫ್ಟ್, ಎಸ್ಕಲೇಟರ್ ಇವೆ. ನಡೆಯಲಾಗದವರಿಗೆ ವೀಲ್‌ಚೇರ್ ಕೇಳಬಹುದು. ಕೆಂಪು ಅಂಗಿಯ ಪೋರ್ಟರ್ ಅಣ್ಣಂದಿರಿಗೆ ಕೋಚ್ ನಂಬರ್ ಹೇಳಿದರೆ ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಕೂಲಿ ಎಷ್ಟು ಅಂತ ಮೊದಲೇ ಮಾತಾಡಿ. ರೈಲು ಹೊರಡುವುದಕ್ಕೆ ಮೊದಲೇ ಬಂದು ನಿಂತಿರುವುದರಿಂದ ಚೀಲ ಸೀಟಿನ ಕೆಳಗೆ ತಳ್ಳಿ, ಚೈನ್ ಹಾಕಿ ಬೀಗ ಬಿಗಿದು, ಅಮ್ಮನಿಗೆ ಒಂದು ಲೋಟ ಕಾಫಿ ತಂದುಕೊಡುವಷ್ಟು ಸಮಯ ಇರುತ್ತದೆ. ಆ ಕಾಫಿ ನಿಧಾನವಾಗಿ ಕುಡಿಯಲು ಬಿಡಿ. ಬೆಳಗಾದರೆ ಬರೀ ಚಹಾ.

ಬಸ್ಸಿನಲ್ಲಿ ಬೆಂಗಳೂರಿಗೆ ಹೋದವರು ಅದೇ ರಾತ್ರಿ ರೈಲಿನಲ್ಲಿ ಮತ್ತೆ ನಮ್ಮೂರನ್ನು ದಾಟುತ್ತೇವೆ. ಅಮ್ಮ ಕಿಟಕಿಗೆ ಅಂಗೈ ಅಡ್ಡ ಹಿಡಿದು ಊರಿನ ದೀಪ ನೋಡುತ್ತಾಳೆ. ಅದಾದ ಮೇಲೇ ಊಟದ ಗಂಟು ಬಿಚ್ಚುವುದು.

ನಾನು ಹೊಲಿದ ನಾಲ್ಕು ವಸ್ತು

ಅಂಗಡಿಯಲ್ಲಿ ಉಳಿದ ಬಟ್ಟೆ ತುಂಡುಗಳಿಂದ ಮಾಡಿದ್ದು. ಹೊಲಿಗೆ ಬಂದರೆ ನೀವೇ ಮಾಡಿಕೊಳ್ಳಿ, ಬಾರದಿದ್ದರೆ ನಿಮ್ಮ ಟೈಲರ್ ಹತ್ತಿರ ಹೇಳಿ.

ಒಂದು, ನೇತುಹಾಕುವ ಚೀಲ. ಮೊಳ ಉದ್ದ, ಗೇಣು ಅಗಲ, ಐದು ಜೇಬು. ಕನ್ನಡಕ, ಮಾತ್ರೆ, ಹಲ್ಲಿನ ಸೆಟ್ಟಿನ ಡಬ್ಬಿ, ಕರವಸ್ತ್ರ, ಸಣ್ಣ ಟಾರ್ಚ್. ಬರ್ತ್ ಪಕ್ಕದ ಕೊಕ್ಕೆಗೆ ಸಿಕ್ಕಿಸಿದರೆ ರಾತ್ರಿ ಕೈ ಚಾಚಿದಲ್ಲೇ ಎಲ್ಲಾ ಸಿಗುತ್ತದೆ. ವಯಸ್ಸಾದವರಿಗೆ ಕತ್ತಲಲ್ಲಿ ಚೀಲ ತಡಕುವುದೇ ದೊಡ್ಡ ಹಿಂಸೆ.

ಎರಡು, ಮೂರು ಕಡೆ ಹೊಲಿದ ಬೆಡ್‌ಶೀಟ್. ಗೋಣಿಚೀಲದ ಹಾಗೆ ಒಳಗೆ ಕಾಲು ತೂರಿಸಿ ಮಲಗುವುದು. ರೈಲು ಎಷ್ಟೇ ಅಲುಗಿದರೂ ಜಾರುವುದಿಲ್ಲ. ಎಸಿಯಲ್ಲಿ ಹಾಸಿಗೆ, ಕಂಬಳಿ, ದಿಂಬು ಕೊಡುತ್ತಾರೆ. ಸ್ಲೀಪರ್‌ನಲ್ಲಿ ಇಲ್ಲ, ಅಲ್ಲಿ ಇದು ಬೇಕೇ ಬೇಕು.

ಮೂರು, ಅಮ್ಮನ ಲಂಗದ ಒಳಜೇಬು, ಜಿಪ್ ಹಾಕಿದ್ದು. ಆಧಾರ್ ಕಾರ್ಡು, ಸ್ವಲ್ಪ ದುಡ್ಡು, ತಮ್ಮನ ಮತ್ತು ನನ್ನ ಫೋನ್ ನಂಬರ್ ಬರೆದ ಚೀಟಿ. ಒಡವೆ ಮನೆಯಲ್ಲೇ ಬಿಟ್ಟು ಹೊರಡಿ.

ನಾಲ್ಕನೆಯದಕ್ಕೆ ಅಮ್ಮನನ್ನು ಒಪ್ಪಿಸಲು ನನಗೆ ಮೂರು ವರ್ಷ ಬೇಕಾಯಿತು. ಅವಳು ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಆದರೆ ರೈಲಿನ ಶೌಚಾಲಯದ ಒದ್ದೆ ನೆಲದಲ್ಲಿ ಸೀರೆಯ ಅಂಚು ನೆನೆಯುತ್ತದೆ. ಒಂದು ಕೈಯಲ್ಲಿ ನೆರಿಗೆ ಹಿಡಿದರೆ ಕಂಬಿ ಹಿಡಿಯಲು ಇನ್ನೊಂದೇ ಕೈ. ಬೀಳುವುದು ಹೀಗೇ. ಅದಕ್ಕೆ ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಿರುವ ಎಲಾಸ್ಟಿಕ್ ಲಂಗ, ಮೇಲೆ ಉದ್ದ ತೋಳಿನ ಸಡಿಲ ಜಾಕೀಟು, ಹೊದೆಯಲು ಒಂದು ಶಾಲು, ಎಲ್ಲಾ ಒಂದೇ ಹತ್ತಿ ಬಟ್ಟೆಯಲ್ಲಿ ಹೊಲಿದೆ. ಹತ್ತಿದ ಮೇಲೆ ಅದನ್ನು ಹಾಕಿಕೊಂಡರೆ ದೆಹಲಿ ಬರುವ ಬೆಳಿಗ್ಗೆ ಸೀರೆ. ಜೊತೆಗೆ ಹಿಂದೆ ಪಟ್ಟಿ ಇರುವ, ಜಾರದ ರಬ್ಬರ್ ಚಪ್ಪಲಿ.

ನೀರು

ಈ ಭಾಗವನ್ನು ದಯವಿಟ್ಟು ಪೂರ್ತಿ ಓದಿ.

ಮೊದಲ ಸಲ ಹೋದಾಗ ಅಮ್ಮ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ನನಗೆ ಗೊತ್ತೇ ಆಗಲಿಲ್ಲ. ಬಾಟಲಿ ಬಾಯಿಗೆ ತಾಗಿಸಿ ಇಡುತ್ತಿದ್ದಳು, ಕುಡಿದಳು ಅಂದುಕೊಳ್ಳುತ್ತಿದ್ದೆ. ಮಧ್ಯಾಹ್ನ ಮಹಾರಾಷ್ಟ್ರದ ಕೋಪರಗಾಂವ್ ಹತ್ತಿರ ನಾಲಿಗೆ ಒಣಗಿ, ತಲೆ ತಿರುಗಿ, ಸೀಟಿಗೆ ಒರಗಿಬಿಟ್ಟಳು. ಎದುರಿಗಿದ್ದ ಸೊಲ್ಲಾಪುರದ ಹೆಂಗಸು ತನ್ನ ಚೀಲದಿಂದ ಓಆರ್‌ಎಸ್ ಪೊಟ್ಟಣ ತೆಗೆದು ಕಲಸಿ ಚಮಚದಲ್ಲಿ ಕುಡಿಸಿದರು. ಅವರ ಮುಖ ನನಗೆ ಇನ್ನೂ ನೆನಪಿದೆ.

ಆಮೇಲೆ ಕೇಳಿದರೆ ಅಮ್ಮ ಹೇಳಿದ್ದು: "ನೀರು ಕುಡಿದ್ರೆ ಅಲ್ಲಿಗೆ ಹೋಗ್ಬೇಕಲ್ಲೇ. ನಿನ್ನನ್ನ ಎಷ್ಟು ಸಲ ಎಬ್ಬಿಸ್ಲಿ?"

ನಮ್ಮ ಮನೆಗಳ ಎಷ್ಟೋ ಹೆಂಗಸರು ಪ್ರಯಾಣದಲ್ಲಿ ಹೀಗೇ ಮಾಡುತ್ತಾರೆ. ಹೇಳುವುದಿಲ್ಲ, ಅಷ್ಟೇ. ಹಾಗಾಗಿ ಹೊರಡುವ ಮೊದಲೇ ಬಾಯಿಬಿಟ್ಟು ಮಾತಾಡಿ. ಎಷ್ಟು ಸಲ ಬೇಕಾದರೂ ಎಬ್ಬಿಸು, ನಾನು ಬರುತ್ತೇನೆ ಅಂತ ಹೇಳಿ. ಹೇಳಿದ ಹಾಗೆ ನಡೆದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಕರೆದಾಗ ಮುಖ ಗಂಟಿಕ್ಕಿದರೆ ಮುಗಿಯಿತು, ಮತ್ತೆ ಕರೆಯುವುದಿಲ್ಲ.

ನಾನು ಅರ್ಧ ಲೀಟರಿನ ಸ್ಟೀಲ್ ಬಾಟಲಿ ಇಟ್ಟುಕೊಂಡು ಹಗಲು ಎರಡು ಗಂಟೆಗೊಮ್ಮೆ ಅದು ಎಷ್ಟು ಕಡಿಮೆಯಾಗಿದೆ ನೋಡುತ್ತೇನೆ. ಸಂಜೆ ಏಳರ ಮೇಲೆ ಗುಟುಕು ಗುಟುಕು. ಹೃದಯ, ಕಿಡ್ನಿ ತೊಂದರೆ ಇರುವವರು ಎಷ್ಟು ನೀರು ಕುಡಿಯಬೇಕು ಅಂತ ಡಾಕ್ಟರನ್ನು ಕೇಳಿಕೊಂಡು ಬನ್ನಿ. ನಾಲ್ಕು ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ಸ್ಟೇಷನ್ನಿನಲ್ಲಿ ರೈಲ್ವೆಯದೇ ಬಾಟಲಿ ನೀರು ರೈಲ್ ನೀರ್ ಒಂದು ಲೀಟರಿಗೆ 14 ರೂಪಾಯಿ. 2025ರ ಸೆಪ್ಟೆಂಬರ್‌ನಲ್ಲಿ 15ರಿಂದ ಒಂದು ರೂಪಾಯಿ ಇಳಿಸಿದರು. ಸೀಲ್ ನೋಡಿ ತೆಗೆದುಕೊಳ್ಳಿ.

ಕೋಚಿನ ಶೌಚಾಲಯಗಳಲ್ಲಿ ಕೂರುವ ಕಮೋಡೂ ಇರುತ್ತದೆ, ನಮ್ಮ ಕಡೆಯ ಬಗೆಯೂ ಇರುತ್ತದೆ. ಬಾಗಿಲ ಮೇಲೆ ಬರೆದಿರುತ್ತಾರೆ. ಮೊಣಕಾಲು ನೋವಿನವರಿಗೆ ಕಮೋಡ್ ಯಾವ ಕೊನೆಯಲ್ಲಿದೆ ಅಂತ ಹತ್ತಿದ ಕೂಡಲೇ ನೋಡಿಟ್ಟುಕೊಳ್ಳಿ. ಬೆಳಿಗ್ಗೆ ಐದೂವರೆಗೆ ಮೊದಲೇ ಕರೆದುಕೊಂಡು ಹೋಗಿ. ಆರರ ಮೇಲೆ ಸಾಲು. ಒಳಗೆ ಹೋಗುವ ಮುಂಚೆ ನಲ್ಲಿ ತಿರುಗಿಸಿ ನೀರಿದೆಯಾ ನೋಡಿ. ಕಾಗದದ ಸೋಪು, ಒಂದು ಹಳೇ ಪಂಚೆ ತುಂಡು ಜೊತೆಗಿರಲಿ. ಬಾಗಿಲ ಒಳಗಿನ ಚಿಲಕ ಹಾಕಿಕೊಳ್ಳಬೇಡ ಅನ್ನಿ, ನೀವು ಹೊರಗೆ ನಿಂತಿರಿ. ನೀರು ಖಾಲಿಯಾದರೆ, ಕೊಳಕಾಗಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಟಿಕೆಟ್ ಮೇಲಿನ ಪಿಎನ್‌ಆರ್ ನಂಬರ್, ಕೋಚ್ ಹೇಳಿ. ಹುಷಾರು ತಪ್ಪಿದರೂ ಅದೇ ನಂಬರು. ಟಿಕೆಟ್ ನೋಡಲು ಬರುವ ಟಿಟಿಇಗೂ ಹೇಳಿ. ಮುಂದಿನ ದೊಡ್ಡ ಸ್ಟೇಷನ್ನಿಗೆ ಡಾಕ್ಟರನ್ನು ಕರೆಸುವ ವ್ಯವಸ್ಥೆ ಇದೆ.

ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಿ. ಕಾಲು ಊದದ ಹಾಗೆ ಎರಡು ಗಂಟೆಗೊಮ್ಮೆ ಎಬ್ಬಿಸಿ, ಕೋಚಿನ ಉದ್ದಕ್ಕೂ ಒಂದು ಸುತ್ತು ನಡೆಸಿ.

ಊಟ

ಮೊದಲ ರಾತ್ರಿಗೆ ಮೊಸರನ್ನ. ಬಿಸಿ ಅನ್ನಕ್ಕೆ ಹಾಲು ಜಾಸ್ತಿ ಹಾಕಿ ಕಿವುಚಿ, ಆರಿದ ಮೇಲೆ ಒಂದೇ ಚಮಚ ಮೊಸರು ಬೆರೆಸಿ. ಬೆಂಗಳೂರು ಬಿಡುವ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬಂದಿರುವುದಿಲ್ಲ. ಬೆಳಿಗ್ಗೆಗೆ ಚಪಾತಿ, ಚಟ್ನಿಪುಡಿ. ಹಿಟ್ಟನ್ನು ನೀರಿನ ಬದಲು ಹಾಲಿನಲ್ಲಿ ಕಲಸಿದರೆ ಮಾರನೇ ದಿನವೂ ಮೆತ್ತಗಿರುತ್ತದೆ. ಮಧ್ಯಾಹ್ನಕ್ಕೆ ಪುಳಿಯೋಗರೆ. ಅದಕ್ಕೆ ಕಾಯಿತುರಿ ಹಾಕಬೇಡಿ, ಹಳಸುತ್ತದೆ. ಹುರಿದ ಶೇಂಗಾ ಸಾಕು. ಒಂದೊಂದು ಹೊತ್ತಿನದನ್ನು ಬಾಡಿಸಿದ ಬಾಳೆ ಎಲೆಯಲ್ಲಿ ಬೇರೆ ಬೇರೆ ಕಟ್ಟಿ. ತಟ್ಟೆ ತೊಳೆಯುವ ಕಷ್ಟ ಇಲ್ಲ. ನಿಪ್ಪಟ್ಟು, ಕೋಡುಬಳೆ ಸುಮ್ನೆ ಬಾಯಾಡಿಸಲು.

ಎರಡನೇ ರಾತ್ರಿಗೆ ಮನೆಯ ಊಟ ನಂಬಬೇಡಿ. ಐಆರ್‌ಸಿಟಿಸಿಯ ಇ-ಕೇಟರಿಂಗ್‌ನಲ್ಲಿ ಪಿಎನ್‌ಆರ್ ಹಾಕಿ ಮುಂದೆ ಬರುವ ಭುಸಾವಳ ಅಥವಾ ಖಂಡ್ವಾಕ್ಕೆ ಆರ್ಡರ್ ಕೊಟ್ಟರೆ ಸೀಟಿಗೇ ತಂದುಕೊಡುತ್ತಾರೆ. ರೈಲಿನ ಅಡುಗೆಮನೆ, ಅಂದರೆ ಪ್ಯಾಂಟ್ರಿಯ ಊಟವೂ ಇದೆ. ಅಮ್ಮನಿಗೆ ಖಾರ ಆಗದ್ದರಿಂದ ನಾನು ಬರೀ ಅನ್ನ, ಮೊಸರು ಹೇಳುತ್ತೇನೆ. ದಾರಿಯಲ್ಲಿ ಕೊಳ್ಳುವುದಾದರೆ ಸೊಲ್ಲಾಪುರದ ಶೇಂಗಾ ಚಟ್ನಿ, ಜಳಗಾಂವ್ ಕಡೆಯ ಬಾಳೆಹಣ್ಣು. ಚಳಿಗಾಲವಾದರೆ ಗ್ವಾಲಿಯರ್, ಮೊರೆನಾದ ಗಜಕ್. ಎಳ್ಳು ಬೆಲ್ಲದ್ದು, ಹಲ್ಲಿಲ್ಲದವರ ಬಾಯಲ್ಲೂ ಕರಗುತ್ತದೆ.

ರಾತ್ರಿ ಮತ್ತು ಜೊತೆಯವರು

ಮಧ್ಯದ ಬರ್ತ್ ಎತ್ತಿ ಎಲ್ಲರೂ ಮಲಗುವುದಕ್ಕೆ ನಿಯಮದ ಸಮಯ ರಾತ್ರಿ 10ರಿಂದ ಬೆಳಿಗ್ಗೆ 6. ಅಮ್ಮನಿಗೆ ಒಂಬತ್ತಕ್ಕೇ ಮಲಗಬೇಕು. ಹತ್ತಿದ ಕೂಡಲೇ ಎಲ್ಲರನ್ನೂ ಮಾತಾಡಿಸಿ ಇದನ್ನು ಹೇಳಿಬಿಡುತ್ತೇನೆ. ಒಂಬತ್ತು ಗಂಟೆಗೆ ಹೇಳಿದರೆ ಅದು ತಕರಾರು, ಏಳೂವರೆಗೆ ಹೇಳಿದರೆ ಪರಿಚಯ. ಕೆಳಗಿನ ಬರ್ತ್ ಸಿಗದಿದ್ದಾಗ "ಭಯ್ಯಾ, ಮಾತಾಜಿ ಕೋ ಘುಟನೇ ಮೇ ದರ್ದ್ ಹೈ, ನೀಚೇವಾಲಾ ಬರ್ತ್ ಮಿಲ್ ಜಾಯೇಗಾ ಕ್ಯಾ?" ಅಂತ ಕೇಳಿ. ಹನ್ನೆರಡು ವರ್ಷದಲ್ಲಿ ಇಲ್ಲ ಅಂದವರು ಇಬ್ಬರೇ. ಅವರಲ್ಲಿ ಒಬ್ಬರಿಗೆ ಆಪರೇಷನ್ ಆಗಿತ್ತು.

ಫೋನ್ ಚಾರ್ಜ್ ಸಂಜೆಯೇ ಮಾಡಿಕೊಳ್ಳಿ. ರಾತ್ರಿ 11ರಿಂದ 5ರವರೆಗೆ ಸಾಕೆಟ್‌ಗಳಿಗೆ ಕರೆಂಟು ನಿಲ್ಲಿಸುವುದುಂಟು.

ನದಿಗಳು

ಮೂವತ್ತೆಂಟು ಗಂಟೆ ಹೇಗೆ ಕಳೆಯುವುದು ಅಂತ ಕೇಳುತ್ತೀರಲ್ವಾ? ಅಮ್ಮ ಕಳೆಯುವುದು ನದಿ ಎಣಿಸುತ್ತಾ. ಸ್ಲೀಪರ್‌ನಲ್ಲಿ ಹೋಗುತ್ತಿದ್ದಾಗ ಕಿಟಕಿಯಿಂದ ಕಾಸು ಹಾಕುತ್ತಿದ್ದಳು. ಎಸಿಯ ಗಾಜು ತೆಗೆಯಲು ಬರುವುದಿಲ್ಲ. ಅದಕ್ಕೆ ಈಗ ಒಂದು ನದಿ ನೋಡಿದರೆ ಒಂದು ರೂಪಾಯಿ ಸೆರಗಿನ ಬದಲು ಶಾಲಿನ ಗಂಟಿಗೆ ಹಾಕುತ್ತಾಳೆ. ನೋಡದೇ ಇದ್ದರೆ ಹಾಕುವ ಹಾಗಿಲ್ಲ, ಅದು ಅವಳ ನೇಮ.

ಮೊದಲ ಎರಡು ನಡುರಾತ್ರಿ ದಾಟಿದ ಮೇಲೆ ಬರುತ್ತವೆ. ರಾಯಚೂರಿಗೆ ಮೊದಲು ತುಂಗಭದ್ರಾ, ರಾಯಚೂರು ದಾಟಿದ ಮೇಲೆ ಕೃಷ್ಣಾ. ಸೇತುವೆ ಮೇಲೆ ರೈಲಿನ ಸದ್ದು ಬದಲಾಗುತ್ತದೆ. ನಿದ್ದೆ ಕಡಿಮೆಯಾದ ಅಮ್ಮನಿಗೆ ಅಷ್ಟು ಸಾಕು, ಎದ್ದು ಗಾಜಿಗೆ ಹಣೆ ಹಚ್ಚುತ್ತಾಳೆ. ನಮ್ಮ ಊರಿನ ಪಕ್ಕದ ಉತ್ತರ ಪಿನಾಕಿನಿಯಲ್ಲಿ ನೀರು ಹರಿದಿದ್ದನ್ನು ಅಪರೂಪಕ್ಕೆ ಕಂಡವಳು ಅವಳು. ಕತ್ತಲಲ್ಲೂ ಅಷ್ಟಗಲ ನೀರು ಹೊಳೆಯುವುದನ್ನು ನೋಡಿ ಉಸಿರು ಬಿಗಿಹಿಡಿಯುತ್ತಾಳೆ.

ಬೆಳಗಿನ ಜಾವ ಕಲಬುರಗಿ, ಬಿಸಿಲು ಏರುವಾಗ ಸೊಲ್ಲಾಪುರ. ಆಮೇಲೆ ದೌಂಡ್. ಹಿಂದೆ ಇಲ್ಲಿ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ಹಾಕುತ್ತಿದ್ದರು, ರೈಲು ಬಂದ ಕಡೆಗೇ ಮುಖ ತಿರುಗಿಸುತ್ತಿತ್ತು. ಈಗ ಎರಡು ದಾರಿಯನ್ನೂ ನೇರ ಜೋಡಿಸುವ ಹಳಿ, ಕಾರ್ಡ್ ಲೈನ್, ಆಗಿ ಅದು ತಪ್ಪಿದೆ. ದೌಂಡ್ ದಾಟಿದರೆ ಭೀಮಾ. ಮಧ್ಯಾಹ್ನ ಕೋಪರಗಾಂವ್ ಹತ್ತಿರ ಗೋದಾವರಿ. ಅಮ್ಮ ತಲೆ ತಿರುಗಿ ಒರಗಿದ ಜಾಗ ಅದೇ. ಪ್ರತಿ ವರ್ಷ ಅಲ್ಲಿ ಅವಳೇ ಬಾಟಲಿ ಎತ್ತಿ ನನಗೆ ಕಾಣುವ ಹಾಗೆ ನೀರು ಕುಡಿಯುತ್ತಾಳೆ.

ಮನಮಾಡದ ಸುತ್ತ ಗುಡ್ಡಗಳು ಕಲ್ಲಿನ ಗೂಟ ನೆಟ್ಟ ಹಾಗೆ ಕಾಣುತ್ತವೆ. ಎಡಗಡೆಯೂ ನೋಡಿ, ಬಲಗಡೆಯೂ ನೋಡಿ. ಜಳಗಾಂವ್ ಕಡೆಗೆ ಬಾಳೆ ತೋಟ. ಭುಸಾವಳ ಬಿಟ್ಟ ಕೂಡಲೇ ತಾಪಿ, ಹೆಚ್ಚಾಗಿ ಸಂಜೆಗತ್ತಲಲ್ಲಿ.

ನರ್ಮದೆ ಸಿಗುವುದು ಎರಡನೇ ರಾತ್ರಿ, ಇಟಾರ್ಸಿ ಮತ್ತು ಭೋಪಾಲ್ ನಡುವೆ. ವೇರ್ ಈಸ್ ಮೈ ಟ್ರೈನ್ ಆ್ಯಪ್ ಇಂಟರ್‌ನೆಟ್ ಇಲ್ಲದಿದ್ದರೂ ಮೊಬೈಲ್ ಟವರ್ ಹಿಡಿದು ರೈಲು ಎಲ್ಲಿದೆ ಅಂತ ತೋರಿಸುತ್ತದೆ. ಇಟಾರ್ಸಿ ಬಿಟ್ಟ ಮೇಲೆ ಎದ್ದು ಕೂತರೆ ಸಾಕು. ನದಿ ದಡದ ಊರಿನ ಹೆಸರು ಹೋಶಂಗಾಬಾದ್ ಇದ್ದದ್ದು ಈಗ ನರ್ಮದಾಪುರಂ ಆಗಿದೆ. ಝಾನ್ಸಿ ಸ್ಟೇಷನ್ನಿಗೂ ವೀರಾಂಗನಾ ಲಕ್ಷ್ಮೀಬಾಯಿ ಎಂದು, ಅಹಮದ್‌ನಗರಕ್ಕೆ ಅಹಿಲ್ಯಾನಗರ ಎಂದು ಹೆಸರು ಬದಲಾಗಿದೆ. ಜನ ಹಳೇ ಹೆಸರು ಹೇಳುತ್ತಾರೆ, ಆ್ಯಪ್ ಹೊಸದು ಹೇಳುತ್ತದೆ. ಗಾಬರಿಯಾಗಬೇಡಿ.

ಭೋಪಾಲ್ ದಾಟಿದ ಮೇಲೆ ಬೇತ್ವಾ. ಅದು ಗಾಢ ನಿದ್ದೆಯ ಹೊತ್ತು. ಕೊನೆಯದು ಚಂಬಲ್, ಮೊರೆನಾ ಮತ್ತು ಧೋಲ್‌ಪುರದ ಮಧ್ಯೆ. ರೈಲು ಸ್ವಲ್ಪ ತಡವಾಗಿದ್ದರೆ ನಮ್ಮ ಅದೃಷ್ಟ, ಬೆಳಕು ಹರಿದಿರುತ್ತದೆ. ನದಿಯ ಎರಡೂ ಕಡೆ ಮಣ್ಣು ಕೊರೆದು ಕೊರೆದು ಸಾವಿರ ಕಂದಕಗಳಾಗಿವೆ. ಮನುಷ್ಯರ ಸುಳಿವಿಲ್ಲ. ನಾನು ಕಂಡ ಜಾಗಗಳಲ್ಲಿ ಇಂಥದ್ದು ಇನ್ನೊಂದಿಲ್ಲ.

ಇಳಿಯುವುದು

ಮಥುರಾ ದಾಟಿದ ಮೇಲೆ ಸೀರೆ ಉಡಿಸಿ, ತಲೆ ಬಾಚಿ, ಚೀಲದ ಬೀಗ ತೆಗೆದಿಟ್ಟುಕೊಳ್ಳಿ. ಬಾಗಿಲ ಹತ್ತಿರ ಹೋಗಿ ನಿಲ್ಲಬೇಡಿ. ನವದೆಹಲಿ ಕೊನೆಯ ಸ್ಟೇಷನ್ನು, ರೈಲು ಎಲ್ಲಿಗೂ ಓಡಿಹೋಗುವುದಿಲ್ಲ. ಎಲ್ಲರೂ ಇಳಿಯಲಿ. ಅಷ್ಟರಲ್ಲಿ ಬರ್ತ್ ಕೆಳಗೆ ಟಾರ್ಚ್ ಹಾಕಿ ನೋಡಿ. ಅಮ್ಮನ ಕನ್ನಡಕದ ಡಬ್ಬಿ ಎರಡು ಸಲ ಅಲ್ಲೇ ಸಿಕ್ಕಿದೆ.

ಸ್ಟೇಷನ್ನಿಗೆ ಎರಡು ಬಾಯಿ. 1ನೇ ಪ್ಲಾಟ್‌ಫಾರ್ಮ್ ಕಡೆ ಪಹಾಡ್‌ಗಂಜ್, 16ನೇ ಪ್ಲಾಟ್‌ಫಾರ್ಮ್ ಕಡೆ ಅಜ್ಮೇರಿ ಗೇಟ್. ಕರೆದುಕೊಂಡು ಹೋಗಲು ಬರುವವರಿಗೆ ಯಾವ ಕಡೆ ಅಂತ ಮೊದಲೇ ಹೇಳಿ. ತಪ್ಪು ಕಡೆ ಹೋದರೆ ಅಷ್ಟೂ ಪ್ಲಾಟ್‌ಫಾರ್ಮ್ ದಾಟಿ ವಾಪಸ್ ಬರಬೇಕು. ಮೆಟ್ರೋ ಅಜ್ಮೇರಿ ಗೇಟ್ ಕಡೆ. ಅಲ್ಲಿಂದ ಏರ್‌ಪೋರ್ಟ್ ಲೈನ್ ಹತ್ತಿದರೆ ನೇರವಾಗಿ ದ್ವಾರಕಾ ಸೆಕ್ಟರ್ 21.

ತಮ್ಮ ಮಗನನ್ನೂ ಕರೆದುಕೊಂಡು ಬಂದಿರುತ್ತಾನೆ. ಹುಡುಗನಿಗೆ ಒಂಬತ್ತು ವರ್ಷ. ಮನೆ ಸೇರುವ ತನಕ ತಡೆಯುವುದಿಲ್ಲ. ಕಳೆದ ಸಲ ಮೆಟ್ರೋದಲ್ಲೇ ಅಜ್ಜಿಯ ಶಾಲಿನ ಗಂಟು ಬಿಚ್ಚಿ, ಅಂಗೈ ಮೇಲೆ ರೂಪಾಯಿಗಳನ್ನು ಸಾಲಾಗಿ ಇಟ್ಟು ಎಣಿಸಿದ. ತುಂಗಭದ್ರಾ, ಕೃಷ್ಣಾ, ಭೀಮಾ, ಗೋದಾವರಿ, ತಾಪಿ, ನರ್ಮದಾ, ಚಂಬಲ್.

"ಏಳೇ ಇದೆಯಲ್ಲ ಅಜ್ಜಿ?"

"ಬೇತ್ವಾ ಬರೋ ಹೊತ್ತಿಗೆ ನಿದ್ದೆ ಬಂದ್ಬಿಡ್ತು ಕಂದ. ವಾಪಸ್ ಹೋಗುವಾಗ ಎಚ್ಚರ ಇರ್ತೀನಿ."